ವೇರೇಬಲ್ ಒಂದು, ಅಳತೆ ಸಣ್ಣದು

ಮನೆಯಿಂದ,
ಒಂಬತ್ತನೇ ತಾರೀಖು, ಭಾನುವಾರ

ನನ್ನ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಪೆನ್ನು ಸ್ವಲ್ಪ ತಡವರಿಸುತ್ತಿದೆ, ಯಾಕೆಂದು ಮುಂದೆ ಓದಿದರೆ ಗೊತ್ತಾಗುತ್ತದೆ. ನಿನ್ನ ಮೂರು ಕಾಗದಗಳೂ ಬಂದು ತಲುಪಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಅದೂ ಏಳು ವಾರ ಕಳೆದ ಮೇಲೆ. ಬೈದುಕೋ. ನೀನು ಬೈಯುವವಳಲ್ಲ, ಅದೇ ತೊಂದರೆ. ಏನು ಮಾಡಲಿ ಹೇಳು, ಈ ಸಲ ಗೋದಾಮಿಗೆ ಒತ್ತಿ ಕಟ್ಟಿದ ಹಳೆ ಬಟ್ಟೆಯ ಮೂಟೆಗಳು, ಆ ಬೇಲುಗಳು, ಒಂದರ ಹಿಂದೆ ಒಂದು ಬಂದು ಬಿದ್ದವು, ನನ್ನ ಮಂಡಿಯೂ ಕೈಕೊಟ್ಟಿತ್ತು. ನೀನು ಫೋನ್ ಮಾಡಿದಾಗೆಲ್ಲ ನಾನು ಬೇಲು ಕಟ್ಟುವ ಯಂತ್ರದ ಪಕ್ಕದಲ್ಲೇ ಇರುತ್ತಿದ್ದೆ, ಕೇಳಿಸುತ್ತಿರಲಿಲ್ಲ.

ಗರ್ಭಕೋಶದ ಆಪರೇಷನ್ ಸುಸೂತ್ರವಾಗಿ ಮುಗಿಯಿತೆಂದು ನಿನ್ನ ಮೂರನೆಯ ಕಾಗದದಿಂದ ತಿಳಿಯಿತು. ಈಗ ಹೊಲಿಗೆ ಒಣಗಿರಬೇಕು. ಪಕ್ಕದ ಮನೆಯ ಟೀಚರ್ ಆಸ್ಪತ್ರೆಯಲ್ಲಿ ನಿನ್ನ ಜೊತೆಗಿದ್ದರಂತೆ, ಪುಣ್ಯಾತ್ಗಿತ್ತಿ, ಅವರಿಗೆ ನನ್ನ ನಮಸ್ಕಾರ ಹೇಳು. ಭಾರ ಎತ್ತಬೇಡ. ಲೈಬ್ರರಿಯವರು ಕರೆದರು ಅಂತ ಬೇಗ ಕೆಲಸಕ್ಕೆ ಹೋಗಿ ಕುಳಿತುಬಿಡಬೇಡ, ಪುಸ್ತಕಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಇಲ್ಲಿ ಮಹಡಿ ಮನೆಯವರ ಪೈಪು ಒಡೆದು ನಮ್ಮ ಬಚ್ಚಲ ಗೋಡೆಗೆ ನೀರು ಇಳಿದಿತ್ತು. ರಿಪೇರಿ ಮಾಡಿಸಿದ್ದಾರೆ, ಆದರೆ ಒಂದು ಕಡೆ ಬಣ್ಣ ಬೇರೆಯಾಗಿ ಕಾಣುತ್ತದೆ. ಊರಿನ ಸಮಾಚಾರ ಅಷ್ಟೇ. ಈಗ ನಿನ್ನ ಭಾವನ ವಿಷಯಕ್ಕೆ ಬರುತ್ತೇನೆ. ಕುಳಿತುಕೊಂಡು ಓದು.

ನಿನಗೇ ಗೊತ್ತು, ಮೂವತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ಅರ್ಧ ತೋಳಿನ ಅಂಗಿ ಬಿಟ್ಟು ಬೇರೊಂದು ತೊಟ್ಟವರಲ್ಲ. ಗಡಿಯಾರ ರಿಪೇರಿ ಮಾಡುವವನಿಗೆ ತೋಳು ಉದ್ದವಿದ್ದರೆ ಅದರ ಅಂಚಿಗೆ ತಗುಲಿ ಹಲ್ಲುಚಕ್ರ ಹಾರಿಹೋಗುತ್ತದೆ ಎಂದು ಅವರೇ ನಮಗೆಲ್ಲ ಪಾಠ ಹೇಳುತ್ತಿದ್ದರು. ಅಂಥವರು ಒಂದೂವರೆ ತಿಂಗಳ ಕೆಳಗೆ, ಬೆವರು ಸುರಿಯುವ ಸೆಖೆಯಲ್ಲಿ, ಮೂರು ತುಂಬುತೋಳಿನ ಅಂಗಿ ತಂದು ತೊಡಲು ಶುರುಮಾಡಿದರು.

"ಯಾಕ್ರೀ ಇದು, ಇಷ್ಟು ಸೆಖೇಲಿ?" ಎಂದೆ.

"ಸೊಳ್ಳೆ."

"ಮಲಗೋವಾಗಲೂ?"

"ಮಲಗಿದಾಗಲೇ ತಾನೇ ಸೊಳ್ಳೆ ಕಚ್ಚೋದು."

ನಮ್ಮ ಕಿಟಕಿಗಳಿಗೆಲ್ಲ ಸೊಳ್ಳೆ ಬಲೆ ಇದೆ. ಹೊಡೆಸಿದವರು ಅವರೇ. ನಾನು ಆಗಲೇ ಮನಸ್ಸಿನಲ್ಲಿ ಒಂದು ಗಂಟು ಹಾಕಿಟ್ಟುಕೊಂಡೆ.

ಆಮೇಲೆ ನಡಿಗೆ ಶುರುವಾಯಿತು. ಎದುರು ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ತರಲು ಹತ್ತು ಸಲ ಹೇಳಿಸಿಕೊಳ್ಳುವ ಮನುಷ್ಯ, ಸಂಜೆ ಐದೂವರೆಯಾದರೆ ಅಂಗಡಿಗೆ ಬೀಗ ಹಾಕಿ, ತಲೆ ಬಾಚಿಕೊಂಡು, ಒಂದು ಗಂಟೆ ನಡೆದು ಬರುತ್ತಾರೆ. ಅಡುಗೆಗೆ ಉಪ್ಪು ಕಡಿಮೆ ಹಾಕು ಎಂದರು. ತಟ್ಟೆ ಸ್ಟ್ಯಾಂಡಿನ ಮೇಲೆ ಯಾರ ಕಣ್ಣಿಗಾದರೂ ಬೀಳುವಂತೆ ಬಿದ್ದಿರುತ್ತಿದ್ದ ಫೋನು ಈಗ ಜೇಬು ಬಿಟ್ಟು ಇಳಿಯುವುದಿಲ್ಲ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಅರವತ್ತೆರಡು ವರ್ಷದ ಗಂಡಸು ತಲೆ ಬಾಚಿ, ಹೊಟ್ಟೆ ಇಳಿಸಿ, ಹೊಸ ಅಂಗಿ ತೊಟ್ಟು ದಿನಾ ಸಂಜೆ ಹೊರಟರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ.

ನನ್ನ ಕಸುಬು ಇನ್ನೊಂದು ಕೆಡುಕು. ಇಪ್ಪತ್ತೆರಡು ವರ್ಷದಿಂದ ಹಳೆ ಬಟ್ಟೆ ಆರಿಸುತ್ತಿದ್ದೇನೆ. ಮೇಜಿನ ಮೇಲೆ ಬಟ್ಟೆ ಬಿದ್ದೊಡನೆ ಮೊದಲ ಕೆಲಸ ಜೇಬಿಗೆ ಕೈಹಾಕುವುದು. ಪಿನ್ನು, ಬ್ಲೇಡು, ಕನ್ನಡಕದ ಚೂರು ಏನಾದರೂ ಇದ್ದರೆ ಕತ್ತರಿಸುವ ಯಂತ್ರ ಹಾಳಾಗುತ್ತದೆ. ಹೀಗಾಗಿ ಮನೆಯಲ್ಲಿ ಗೂಟಕ್ಕೆ ತಗುಲಿಸಿದ ಅಂಗಿ ಕಂಡರೂ ನನ್ನ ಕೈ ತಾನಾಗಿ ಒಳಗೆ ಹೋಗುತ್ತದೆ. ಇದನ್ನು ಕಳ್ಳತನ ಎನ್ನಬೇಡ, ರೂಢಿ.

ಹೋದ ತಿಂಗಳ ನಾಲ್ಕು, ಶನಿವಾರ ಬೆಳಿಗ್ಗೆ, ಒಗೆಯಲು ಹಾಕಿದ್ದ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ನಾಲ್ಕು ಮಡಿಕೆ ಮಾಡಿದ ರಸೀದಿ, ಇಂಗ್ಲಿಷಿನದು. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷು ನನಗೆ ಬರುತ್ತದೆ, ನೀನೇ ಕಲಿಸಿದ್ದಲ್ಲವೇ. ಅದರಲ್ಲಿ ಹೀಗಿತ್ತು: ವೇರೇಬಲ್, ಒಂದು. ಲೇಡೀಸ್. ಸ್ಮಾಲ್. ಬಣ್ಣ, ರೋಸ್.

ಬೇರೆ ಯಾವ ಇಂಗ್ಲಿಷ್ ಪದ ಇದ್ದಿದ್ದರೂ ನಾನು ಯಾರನ್ನಾದರೂ ಕೇಳಬೇಕಾಗಿತ್ತು. ಆದರೆ ಇದು ನನ್ನದೇ ಪದ, ಗುಬ್ಬಿ. ಈ ಪದ ನನಗೆ ಅನ್ನ ಹಾಕಿದೆ. ನಮ್ಮ ಮೇಜಿಗೆ ಬಂದ ಬಟ್ಟೆಗೆ ಇರುವುದು ಎರಡೇ ಗತಿ. ಇನ್ನೊಬ್ಬರು ತೊಡಬಹುದಾದದ್ದು ವೇರೇಬಲ್, ಅದು ಎಡಗಡೆಯ ತೊಟ್ಟಿಗೆ. ಮಿಕ್ಕಿದ್ದು ಯಂತ್ರ ಒರೆಸುವ ಚಿಂದಿ, ಬಲಗಡೆಗೆ. ನಾನು ಸೇರಿದ ಹೊಸದರಲ್ಲಿ ನಮ್ಮ ಮೇಸ್ತ್ರಿಣಿ ಇದ್ದಳಲ್ಲ, ಆಕೆಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಆಕೆ ಪಾಠ ಹೇಳಿಕೊಡುತ್ತಿದ್ದ ರೀತಿಯೇ ಬೇರೆ. "ಮತ್ತೊಬ್ರ ಮೈ ಏರಬಲ್ಲದ್ದು ಯಾವ್ದೋ, ಅದು ಏರಬಲ್. ಏರಲಾರದ್ದು ಚಿಂದಿ. ಇಷ್ಟೇ ಕಣ್ರೇ ಇಂಗ್ಲಿಷು." ನಾವು ಹದಿನಾರು ಜನ ಹೆಂಗಸರು ಈಗಲೂ ಹಾಗೇ ಅನ್ನುತ್ತೇವೆ. ಹೊಸದಾಗಿ ಬಂದವರಿಗೆ ನಾನೂ ಅದನ್ನೇ ಹೇಳಿಕೊಡುತ್ತೇನೆ.

ಅಂದಮೇಲೆ ಚೀಟಿಯ ಅರ್ಥ ಹಗಲಿನಷ್ಟು ಸ್ಪಷ್ಟ. ನನ್ನ ಗಂಡ ಒಂದು ಹೆಂಗಸಿನ ಉಡುಪು ಕೊಂಡಿದ್ದಾರೆ. ಗುಲಾಬಿ ಬಣ್ಣದ್ದು. ಸಣ್ಣ ಅಳತೆಯದು. ನನ್ನ ಒಂದು ತೋಳೂ ಅದರೊಳಗೆ ತೂರುವುದಿಲ್ಲ.

ಆದರೂ ಸೋಮವಾರ ಗೋದಾಮಿನ ಗುಮಾಸ್ತರ ಹತ್ತಿರ ಹೋದೆ. ಆಪಾದನೆ ಹೊರಿಸುವ ಮುಂಚೆ ಪುರಾವೆ ಗಟ್ಟಿ ಮಾಡಿಕೊಳ್ಳಬೇಕಲ್ಲ. ಅವರ ಮೇಜಿನಲ್ಲಿ ಒಂದು ದಪ್ಪ ನಿಘಂಟು ಇದೆ, ಅವರ ಮದುವೆಗೆ ಯಾರೋ ಉಡುಗೊರೆ ಕೊಟ್ಟಿದ್ದಂತೆ, ಅವರ ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ ಓದಿದರು. "ತೊಡಲು ಯೋಗ್ಯವಾದ, ಧರಿಸತಕ್ಕ. ಯಾಕಮ್ಮ, ಇಪ್ಪತ್ತು ವರ್ಷದಿಂದ ಇದನ್ನೇ ಆರಿಸ್ತಿದ್ದೀಯಲ್ಲ, ಈಗ ಅರ್ಥ ಕೇಳ್ತೀಯ?"

"ಬೇರೆ ಅರ್ಥ ಏನಾದ್ರೂ ಇದೆಯಾ ನೋಡಿ ಸ್ವಾಮಿ."

"ಇಲ್ಲ. ಒಂದೇ ಅರ್ಥ."

ಅಚ್ಚಾದದ್ದು ಸುಳ್ಳು ಹೇಳುತ್ತದೆಯೇ? ಮಧ್ಯಾಹ್ನ ಊಟಕ್ಕೆ ಕುಳಿತಾಗ ಕತ್ತರಿಗೆ ಚೀಟಿ ತೋರಿಸಿದೆ. ಅವಳ ಬಗ್ಗೆ ನಿನಗೆ ಬರೆದಿದ್ದೇನೆ, ಚಿಂದಿಯಿಂದ ಗುಂಡಿ ಕತ್ತರಿಸಿ ತೆಗೆಯುವವಳು. ಕೈಯ ಕತ್ತರಿಗಿಂತ ನಾಲಿಗೆ ಚುರುಕು ಅಂತ ನಾವೇ ಇಟ್ಟ ಹೆಸರು. ಅವಳು ತುತ್ತು ನುಂಗಿ, "ರೋಸ್ ಕಲರ್ ಅಂತೆ! ವಯಸ್ಸಿನವಳೇ ಇರ್ಬೇಕು ಬಿಡು. ನಮ್ಮ ವಯಸ್ಸಿನೋರು ಕಂದು ಬಣ್ಣ ಕೇಳ್ತೀವಿ" ಎಂದಳು. ನಾನು ತೋರಿಸಬಾರದಿತ್ತು. ಮರುದಿನ ಮೇಜಿನ ಸುತ್ತ ಹದಿನೈದು ಮುಖಗಳೂ ನನ್ನನ್ನು ಕನಿಕರದಿಂದ ನೋಡುತ್ತಿದ್ದವು. ಗುಲಾಬಿ ಬಣ್ಣದ ಬಟ್ಟೆ ಬಂದಾಗ ಯಾರೋ ಬೇಗ ಎತ್ತಿ ಮರೆಮಾಡಿದರು.

ಇಲ್ಲಿಗೆ ನಿಲ್ಲಿಸಬೇಕಾಯಿತು, ನಿನ್ನ ಭಾವ ಬಂದರು. ಕಾಗದವನ್ನು ದಿಂಬಿನ ಕೆಳಗೆ ತಳ್ಳಿದೆ. ಅವರ ಕಣ್ಣಿಗೆ ಬಿತ್ತು. "ಯಾರಿಗೆ ಬರೀತಿದ್ದೀಯ?" ಎಂದರು. "ಗುಬ್ಬಿಗೆ" ಎಂದೆ. ನೀರು ಕುಡಿದು ಹೊರಟುಹೋದರು.

ಸೋಮವಾರ, ಮಧ್ಯಾಹ್ನ

ಇವತ್ತು ಗೋದಾಮಿಗೆ ರಜೆ ಹಾಕಿದ್ದೇನೆ. ಎಲ್ಲಿಗೆ ನಿಲ್ಲಿಸಿದ್ದೆ? ಹ್ಞಾ, ಪುರಾವೆ.

ಆ ಅಂಗಿಗಳನ್ನೂ ಬಿಡದೆ ಪರೀಕ್ಷೆ ಮಾಡಿದೆ. ಎಂಥ ಬಟ್ಟೆಯಾದರೂ ಕೈಗೆ ಕೊಡು, ತೊಟ್ಟವರು ಎಡಗೈಯವರೋ ಬಲಗೈಯವರೋ, ಕೂತು ದುಡಿಯುವವರೋ ನಿಂತು ದುಡಿಯುವವರೋ ಹೇಳಿಬಿಡುತ್ತೇನೆ. ಮೂರು ಅಂಗಿಗಳಿಗೂ ಬಲತೋಳಿನ ಅಂಚಿನ ಪಟ್ಟಿ ಒಳಗಡೆಯಿಂದ ಸವೆಯತೊಡಗಿತ್ತು. ಹೊರಗಡೆ ಸವೆದರೆ ಮೇಜಿಗೆ ಉಜ್ಜಿದ್ದು ಅನ್ನಬಹುದು. ಒಳಗಡೆ? ಅವರು ಗಡಿಯಾರ ಕಟ್ಟುವುದು ಎಡಗೈಗೆ. ಬಲಗೈ ತೋಳಿನೊಳಗೆ ಬೆರಳು ತೂರಿಸಿ ಯಾರೋ ದಿನಾ ಸಂಜೆ ಹಿಡಿದುಕೊಂಡು ನಡೆಯುತ್ತಿದ್ದಾರೆ, ಅವಳ ಬಳೆ ಉಜ್ಜಿದೆ ಎಂದು ತೀರ್ಮಾನಿಸಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ನೀನು ನಗಬಹುದು. ಆಗ ನಾನು ಬಳೆಯ ದಪ್ಪವನ್ನೂ ಲೆಕ್ಕ ಹಾಕಿದ್ದೆ.

ಶುಕ್ರವಾರ ಮಂಡಿ ನೋವೆಂದು ಬೇಗ ಹೊರಟು ಅವರ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಕುಳಿತೆ. ನಿನಗೆ ನೆನಪಿದೆಯಲ್ಲ ಅವರ ಅಂಗಡಿ, ಮೆಟ್ಟಿಲ ಕೆಳಗಿನ ಆ ಗೂಡು, ಅವರೊಬ್ಬರು ಕುಳಿತರೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಐದೂವರೆಗೆ ಬೀಗ ಬಿತ್ತು. ನಾನು ತಲೆಗೆ ಸೆರಗು ಹೊದ್ದು ಹಿಂದೆ ನಡೆದೆ. ಈ ಗಾತ್ರದವಳು ಮರೆಯಾಗಿ ನಡೆಯುವುದೆಂದರೆ ಲಾರಿಯನ್ನು ತಂತಿಯ ಹಿಂದೆ ಬಚ್ಚಿಟ್ಟಂತೆ, ಆದರೆ ಆ ಮನುಷ್ಯ ಒಮ್ಮೆಯೂ ಹಿಂದೆ ನೋಡಲಿಲ್ಲ. ಶಾಲೆಯ ಆಟದ ಮೈದಾನದ ಸುತ್ತ ಮೂರು ಸುತ್ತು ನಡೆದರು. ಮೂರನೆಯ ಸುತ್ತಿನಲ್ಲಿ ಎರಡು ಸಲ ನಿಂತರು. ಬರುವವಳಿಗೆ ಕಾಯುತ್ತಿದ್ದಾರೆ ಎಂದುಕೊಂಡೆ. ಕಲ್ಲುಬೆಂಚಿನ ಮೇಲೆ ಕುಳಿತು, ಬಲಗೈ ತೋಳನ್ನು ಸ್ವಲ್ಪ ಸರಿಸಿ, ಬಗ್ಗಿ ನೋಡಿಕೊಂಡರು. ಆಮೇಲೆ ಫೋನ್ ತೆಗೆದರು. ನಾನು ಬೆಂಚಿನ ಹಿಂದಿನ ಗೋಡೆಯ ಆಚೆ ಇದ್ದೆ.

"ಹ್ಞೂಂ, ನೀನು ಹೇಳಿದ ಹಾಗೇ ಹಾಕ್ಕೊಂಡಿದ್ದೀನಿ" ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇಲ್ಲ, ಅವಳಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ" ಎಂದರು. ಕೊನೆಗೆ, "ಆಯ್ತು ತಾಯಿ, ಆಯ್ತು. ನೀನು ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ" ಎಂದು ಫೋನ್ ಇಟ್ಟರು.

ತಾಯಿಯಂತೆ! ನೀನಂತೆ! ಸಾಲ ಕೇಳಲು ಬರುವ ಕುಡುಕನನ್ನೂ ಬಹುವಚನದಲ್ಲಿ ಮಾತನಾಡಿಸುವ ಮನುಷ್ಯ ಇವರು. ಆ ಏಕವಚನ ನನ್ನ ಎದೆಗೆ ಚುಚ್ಚಿದಷ್ಟು ಆ ಗುಲಾಬಿ ಬಣ್ಣವೂ ಚುಚ್ಚಿರಲಿಲ್ಲ. ಮನೆಗೆ ಬಂದು ಅವರಿಗಿಂತ ಮುಂಚೆ ಒಲೆಯ ಮುಂದೆ ನಿಂತೆ. ಅವತ್ತು ಅಡುಗೆಗೆ ಬೇಕೆಂದೇ ಉಪ್ಪು ಜಾಸ್ತಿ ಹಾಕಿದೆ. ತಟ್ಟೆ ಖಾಲಿ ಮಾಡಿ ಎದ್ದರು.

ಅವತ್ತೇ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ? ಐವತ್ತೆಂಟು ವರ್ಷಕ್ಕೆ ನಾನು ಎಲ್ಲಿಗೆ ಹೋಗಲಿ? ಹಗಲೆಲ್ಲ ಎಡಕ್ಕೆ ಬಲಕ್ಕೆ ಬಟ್ಟೆ ಎಸೆಯುತ್ತಾ ಅದನ್ನೇ ಯೋಚಿಸುತ್ತಿದ್ದೆ. ಅವರ ಮುಖ ನೋಡುತ್ತಿರಲಿಲ್ಲ, ತೋಳು ನೋಡುತ್ತಿದ್ದೆ. ಮುಖ ನೋಡಿದ್ದರೆ ಕಣ್ಣ ಕೆಳಗಿನ ಕಪ್ಪು ಕಾಣಿಸುತ್ತಿತ್ತು. ಹೀಗೆ ನಾಲ್ಕು ವಾರ ಕಳೆಯಿತು.

ಹೋದ ಬುಧವಾರ ಗೋದಾಮಿನಲ್ಲಿ ಕರೆಂಟು ಹೋಗಿ ನಮ್ಮನ್ನೆಲ್ಲ ಬೇಗ ಕಳುಹಿಸಿದರು. ಚೀಟಿ ನನ್ನ ಚೀಲದಲ್ಲೇ ಇತ್ತು. ಅದರ ತಲೆಯ ಮೇಲಿದ್ದ ಅಂಗಡಿಯ ವಿಳಾಸ ಹುಡುಕಿಕೊಂಡು ಹೊರಟೆ. ಬಟ್ಟೆ ಅಂಗಡಿ ಇರಬೇಕು, ಆ ಉಡುಪನ್ನಾದರೂ ಕಣ್ಣಾರೆ ನೋಡೋಣ, ಅಳತೆ ಕೊಟ್ಟವಳು ಬಂದಿದ್ದಳೋ ಕೇಳೋಣ ಎಂದು. ಹೋಗಿ ನೋಡಿದರೆ ಗಾಜಿನ ಬಾಗಿಲು, ಒಳಗೆಲ್ಲ ಫೋನುಗಳು, ಒಂದು ಗೇಣು ಬಟ್ಟೆ ಇಲ್ಲ. ಅಲ್ಲಿದ್ದ ಹುಡುಗಿಗೆ ಚೀಟಿ ಕೊಟ್ಟೆ.

"ಇದನ್ನ ಎಲ್ಲಿ ಇಟ್ಟಿದ್ದೀರಮ್ಮ, ಒಂದ್ಸಲ ತೋರ್ಸು" ಎಂದೆ.

"ಇಲ್ಲೇ ಆಂಟಿ, ವೇರೇಬಲ್ಸ್ ಎಲ್ಲ ಈ ಕಡೆ" ಎಂದು ಅವಳು ಗಾಜಿನ ಪೆಟ್ಟಿಗೆ ತೆರೆದಳು. ಒಳಗೆ ಸಾಲಾಗಿ ಕೈಗೆ ಕಟ್ಟುವ ಪಟ್ಟಿಗಳು, ಮುಖ ಮಾತ್ರ ಕಪ್ಪು ಗಾಜು.

"ಇದಲ್ಲ ಕಣಮ್ಮ. ವೇರೇಬಲ್. ತೊಡೋದು. ಬಟ್ಟೆ."

"ಬಟ್ಟೆಗೆ ಈಗ ಯಾರೂ ಹಾಗನ್ನಲ್ಲ ಆಂಟಿ. ಮೈಮೇಲೆ ಹಾಕ್ಕೊಳ್ಳೋ ಮೆಷಿನ್‌ಗೆ ವೇರೇಬಲ್ ಅನ್ನೋದು." ಚೀಟಿ ತಿರುಗಿಸಿ ನೋಡಿ ನಕ್ಕಳು. "ಓ, ಇದಾ! ಚೆನ್ನಾಗಿ ನೆನಪಿದೆ. ಒಬ್ರು ತಾತ ಬಂದಿದ್ರು. ಡಾಕ್ಟರ್ ಬರ್ಕೊಟ್ಟಿದ್ದು ತಂದಿದ್ರು, ಹಾರ್ಟ್ ಬಡಿತ ನೋಡೋ ಅಂಥದ್ದು ಬೇಕು ಅಂತ. ಅವ್ರ ಕೈ ತುಂಬ ಸಣ್ಣ ಆಂಟಿ, ಜೆಂಟ್ಸ್ ಪಟ್ಟಿ ನಿಲ್ಲಲೇ ಇಲ್ಲ. ಲೇಡೀಸ್ ಸ್ಮಾಲಲ್ಲಿ ಆ ಬಣ್ಣ ಒಂದೇ ಉಳಿದಿತ್ತು. ಪಾಪ, ತುಂಬ ನಾಚ್ಕೊಂಡ್ರು."

ಅಲ್ಲೇ ಒಂದು ಎತ್ತರದ ಕುರ್ಚಿ ಇತ್ತು, ಹತ್ತಲು ಬಾರದಂಥದ್ದು, ಅದನ್ನು ಹಿಡಿದುಕೊಂಡು ನಿಂತೆ. ಹುಡುಗಿ ನೀರು ತಂದುಕೊಟ್ಟಳು. ಅವರ ಕೈ ಸಣ್ಣದು ಎಂದು ಯಾರೋ ಅಂಗಡಿಯ ಹುಡುಗಿ ನನಗೆ ಹೇಳಬೇಕಾಯಿತು. ಅಷ್ಟು ಇಳಿದುಹೋದದ್ದು ಯಾವಾಗ?

ನೇರವಾಗಿ ಮೆಟ್ಟಿಲ ಕೆಳಗಿನ ಗೂಡಿಗೆ ಹೋದೆ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಹೊಟ್ಟೆ ಬಿಚ್ಚಿ ಕುಳಿತಿದ್ದರು. ನಾನು ಅವರ ಬಲಗೈ ಎಳೆದು ತೋಳು ಮೇಲೆ ಸರಿಸಿದೆ. ಇತ್ತು. ಗುಲಾಬಿ ಪಟ್ಟಿ. ತೋಳಿನ ಅಂಚಿನೊಳಗೆ ಮರೆಯಾಗುವಂತೆ ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಕಟ್ಟಿಕೊಂಡಿದ್ದರು. ಕಪ್ಪು ಗಾಜಿನಲ್ಲಿ ಹಸಿರು ಅಂಕಿ ಮಿನುಗುತ್ತಿತ್ತು, ನಾನು ನೋಡುತ್ತಿದ್ದಂತೆ ನಲವತ್ತೊಂದು ಇದ್ದದ್ದು ಮೂವತ್ತೆಂಟಾಯಿತು.

"ಬಾಗಿಲಿಗೆ ಅಡ್ಡ ನಿಲ್ಲು, ಗಿರಾಕಿಗಳು ನೋಡ್ತಾರೆ" ಎಂದರು. "ವಾಚ್ ರಿಪೇರಿ ಮಾಡೋನ ಕೈಯಲ್ಲಿ ಇದನ್ನ ಕಂಡ್ರೆ ನಾಳೆಯಿಂದ ಯಾರು ಬರ್ತಾರೆ? ಅದೂ ಈ ಬಣ್ಣ!"

ನಿನಗೆ ಸುಳ್ಳು ಹೇಳುವುದಿಲ್ಲ, ಆಗ ನನ್ನ ಬಾಯಿಂದ ಬಂದ ಮೊದಲ ಮಾತು, "ಇದು ಇನ್ಯಾರಿಗೆಲ್ಲ ಗೊತ್ತು?" ಎಂಬುದು.

ಅವರು ಮಸೂರ ತೆಗೆದರು. "ಡಾಕ್ಟರಿಗೆ" ಎಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಎರಡೂವರೆ ತಿಂಗಳ ಹಿಂದೆ ಅಂಗಡಿ ಬಾಗಿಲು ಎತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದರಂತೆ. ಹಣೆಗೆ ತರಚಿದ್ದನ್ನು ನನಗೆ ಬಾಗಿಲು ತಗುಲಿತು ಎಂದಿದ್ದರು, ನೆನಪಾಯಿತು. ಎದೆಯ ಬಡಿತ ನಡುನಡುವೆ ತಪ್ಪುತ್ತಿದೆಯಂತೆ. ಒಂದಿಷ್ಟು ದಿನ ಇದನ್ನು ಕಟ್ಟಿಕೊಂಡು ಎಷ್ಟು ಸಲ ತಪ್ಪುತ್ತದೆ ಎಂದು ನೋಡಿ, ಉಪ್ಪು ಕಡಿಮೆ ಮಾಡಿ, ನಿಧಾನಕ್ಕೆ ನಡೆಯಿರಿ ಎಂದರಂತೆ ಡಾಕ್ಟರು. "ನಿನಗೆ ಹೇಳಿದ್ರೆ ಅಂಗಡಿ ಮುಚ್ಚಿಸಿ ಮೂಲೇಲಿ ಕೂರಿಸ್ತಿದ್ದೆ ಕಣೇ" ಎಂದರು. ಹೌದು, ಕೂರಿಸುತ್ತಿದ್ದೆ.

ಬಡಿತ ಇನ್ನೂ ಇಳಿಯುತ್ತಿದೆ. ಇಪ್ಪತ್ತೆರಡನೇ ತಾರೀಖು ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಯಂತ್ರ ಕೂರಿಸುತ್ತಾರೆ. ಸಣ್ಣ ಕೆಲಸ, ಎರಡು ದಿನ ಆಸ್ಪತ್ರೆ ಎನ್ನುತ್ತಾರೆ. ನಿನ್ನ ಭಾವನ ತಮಾಷೆ ಕೇಳು. "ಹೊರಗೆ ಕಟ್ಟಿದ್ರೆ ಏರಬಲ್, ಒಳಗೆ ಹೊಲಿದ್ರೆ ಲೈನಿಂಗು. ನಿಮ್ಮ ಗೋದಾಮಲ್ಲಿ ಲೈನಿಂಗ್ ಇರೋದಕ್ಕೆ ಬೆಲೆ ಜಾಸ್ತಿ ತಾನೇ?" ನಾನು ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಈಗ ಪಟ್ಟಿಯನ್ನು ಮಣಿಕಟ್ಟಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ ಕಟ್ಟಿಕೊಳ್ಳುತ್ತಾರೆ. ಕತ್ತರಿ ಶನಿವಾರ ಮನೆಗೆ ಬಂದವಳು ಅದನ್ನು ನೋಡಿ, ನನ್ನನ್ನು ನೋಡಿ, ಮೊದಲ ಸಲ ಮಾತಿಲ್ಲದೆ ಕುಳಿತಳು. ಗುಮಾಸ್ತರಿಗೆ ಹೊಸ ನಿಘಂಟು ಕೊಳ್ಳಿ ಎಂದು ಹೇಳಿ ಬಂದಿದ್ದೇನೆ.

ಕಾಗದ ಉದ್ದವಾಯಿತು. ವೇಳೆಗೆ ಸರಿಯಾಗಿ ಊಟ ಮಾಡು, ಮಾತ್ರೆ ಬಿಡಬೇಡ. ನೀನು ಬೇಗ ಗಟ್ಟಿಯಾಗು, ನೂರು ವರ್ಷ ಬಾಳು, ಹೊಟ್ಟೆಯ ಬೇನೆ ಎಂಬುದು ಇನ್ನು ನಿನ್ನ ಹತ್ತಿರ ಸುಳಿಯದಿರಲಿ. ನಿನ್ನ ಭಾವನಿಗಾಗಿ ನೀನೂ ದೇವರಲ್ಲಿ ಬೇಡಿಕೋ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ ಗುಬ್ಬಿ, ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ನಾನು ಇಷ್ಟುದ್ದ ಬರೆದ ವಿಷಯ ನಿನಗೆ ಮೊದಲೇ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವಳಿಗೆ ಬರೆದಂತೆ ಬರೆದೆ. ಓದುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ಕಲ್ಪಿಸಿಕೊಳ್ಳುತ್ತಾ ಬರೆದೆ. ನೋಡು, ಈಗಲೂ ನನ್ನ ಬುದ್ಧಿ ಹೋಗಿಲ್ಲ.

ಆ ಶನಿವಾರ ಜೇಬು ನೋಡಿದ ಮೇಲೆ, ಅವರು ಸ್ನಾನಕ್ಕೆ ಹೋದಾಗ, ಫೋನನ್ನೂ ನೋಡಿದೆ. ಎರಡು ವಾರದಲ್ಲಿ ಏಳು ಸಲ ನಿನ್ನ ಹೆಸರು ಇತ್ತು. ಸಣ್ಣ ಅಳತೆ ಎಂದರೆ ನನಗೆ ನೆನಪಾಗುವ ಮೈ ನಿನ್ನದೇ, ನಿನ್ನ ಲಂಗಗಳನ್ನು ಒಳಗೆ ಹಿಡಿದು ಹೊಲಿದು ಕೊಡುತ್ತಿದ್ದವಳು ನಾನು. ಅವರು ಏಕವಚನದಲ್ಲಿ ಮಾತನಾಡಿಸುವ ಹೆಂಗಸರು ಇಬ್ಬರೇ, ಒಬ್ಬಳು ನಾನು. ಎರಡೂ ಎರಡೂ ಕೂಡಿಸಿದೆ.

ಸೋಮವಾರ ನಿನ್ನ ಎರಡನೆಯ ಕಾಗದ ಬಂತು. "ಹದಿನೇಳಕ್ಕೆ ಆಪರೇಷನ್, ನನಗೆ ತುಂಬ ಹೆದರಿಕೆಯಾಗ್ತಿದೆ, ಅಕ್ಕ, ಒಂದು ದಿನದ ಮಟ್ಟಿಗಾದರೂ ಬಾ" ಎಂದು ಬರೆದಿದ್ದೆ. ಬಾಗಿಲಲ್ಲೇ ನಿಂತು ಓದಿ, ಹಾಸಿಗೆಯ ಕೆಳಗೆ ತಳ್ಳಿದೆ. ಬೇಲುಗಳು ಎಂದಿನಷ್ಟೇ ಬಂದಿದ್ದವು. ಮಂಡಿ ನೋಯುತ್ತಿರಲಿಲ್ಲ. ನಿನ್ನ ಪ್ರತಿಯೊಂದು ರಿಂಗೂ ನನಗೆ ಕೇಳಿಸಿತು, ನಿಲ್ಲುವವರೆಗೂ ನೋಡುತ್ತಾ ಕೂತಿರುತ್ತಿದ್ದೆ. ಹದಿನೇಳರಂದು ಮೇಜಿನ ಮುಂದೆ ನಿಂತು, ಒಬ್ಬಳೇ ಮಲಗಲಿ, ಗೊತ್ತಾಗಲಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಗುರುವಾರ ಬೆಳಿಗ್ಗೆ ನಿನ್ನ ಭಾವನನ್ನು, "ಡಾಕ್ಟರನ್ನೂ ತಾಯಿ ಅಂತೀರಾ?" ಎಂದು ಕೇಳಿದೆ. ಆಗ ಹೇಳಿದರು. ನಿನ್ನ ಮೊದಲ ಕಾಗದಕ್ಕೆ ನಾನು ಇವತ್ತು ನಾಳೆ ಎನ್ನುತ್ತಿದ್ದೆನಂತೆ, ಅದಕ್ಕೆ ಅವರೇ ನಿನಗೆ ಫೋನ್ ಮಾಡಿ ವಿಚಾರಿಸಿದರಂತೆ. ನಿನ್ನ ನೋವು ಕೇಳುತ್ತಾ ಕೇಳುತ್ತಾ ತಾವು ಬಿದ್ದದ್ದೂ ಬಾಯಿಗೆ ಬಂತಂತೆ. ಡಾಕ್ಟರ ಹತ್ತಿರ ಹೋಗಲೇಬೇಕು ಎಂದು ಹಟ ಹಿಡಿದವಳು ನೀನು. ನಾನು ಅವರ ಉಪ್ಪು ಹೆಚ್ಚಿಸುತ್ತಿದ್ದಾಗ ಅವರನ್ನು ಕಾಪಾಡಿದವಳು ನೀನು.

"ಅವಳಿಗೆ ಹೇಳಿದ್ರಿ, ನನಗ್ಯಾಕೆ ಹೇಳ್ಲಿಲ್ಲ?" ಎಂದೆ. ಕನ್ನಡಕ ತೆಗೆದು ಒರೆಸಿಕೊಂಡರು. "ಅವಳು 'ನೋವಾಗ್ತಿದೆಯಾ ಭಾವ' ಅಂತ ಕೇಳಿದ್ಲು" ಎಂದರು. "ನಿನ್ನೆ ಅಂಗಡೀಲಿ ನೀನು ಮೊದಲು ಏನು ಕೇಳಿದೆ ಹೇಳು."

ನಾನು ಯಾಕೆ ನಿನ್ನ ಆಸ್ಪತ್ರೆಗೆ ಬರಲಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ, ಮಂಡಿ ನೋವೆಂದೇ ನಂಬಿದ್ದಾರೆ. ಹೇಳುವುದೂ ಬಿಡುವುದೂ ನಿನ್ನ ಇಷ್ಟ. ಫೋನ್ ಮಾಡಿ ಹೇಳಲು ನನಗೆ ಮುಖವಿಲ್ಲ, ಅದಕ್ಕೇ ಕಾಗದ. ಇನ್ನು ಈ ಕಾಗದಕ್ಕೆ ನೀನು ಉತ್ತರ ಬರೆಯದಿದ್ದರೂ ನಾನು ಕಾರಣ ಹುಡುಕುವುದಿಲ್ಲ.

ಒಂದನ್ನು ಮಾತ್ರ ಕೇಳಬೇಕು. ಏಳು ವಾರದ ಹಿಂದೆ, ನಿನ್ನ ಮೊದಲ ಕಾಗದ ಕೈಗೆ ಬಂದ ದಿನವೇ ಕೇಳಬೇಕಾಗಿತ್ತು.

ನೋವಾಗ್ತಿದೆಯಾ, ಗುಬ್ಬಿ?